ಪಿನ್ ಕೂತರೆ ಸಾಲದು: ಆಡಿಯೊ ಅಡಾಪ್ಟರ್ ಆರಿಸುವ ಮುನ್ನ

ಒಂದು ಕಾರ್ಯಕ್ರಮದಲ್ಲಿ ಹಾಡಿನ ಟ್ರ್ಯಾಕ್ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಲ್ಯಾಪ್‌ಟಾಪ್‌ನಲ್ಲಿ 3.5 ಮಿ.ಮೀ. ಸಾಕೆಟ್. ಮಿಕ್ಸರ್‌ನಲ್ಲಿ ಖಾಲಿ ಉಳಿದಿದ್ದು ಒಂದೇ ಒಂದು ಎಕ್ಸ್‌ಎಲ್‌ಆರ್ ಸಾಕೆಟ್, ಅಂದರೆ ಸ್ಟೇಜಿನ ಮೈಕ್ ಸಿಕ್ಕಿಸುವ ದುಂಡನೆಯ ಸಾಕೆಟ್. ಬ್ಯಾಗಿನಲ್ಲಿ ಎರಡಕ್ಕೂ ಹೊಂದುವ ವೈರ್ ಸಿಕ್ಕಿತು, ಚುಚ್ಚಿದೆ. ಕೀಬೋರ್ಡ್ ಬಂತು, ಗಿಟಾರ್ ಬಂತು, ಹಾಡುವವರ ದನಿ ಮಾತ್ರ ಬರಲೇ ಇಲ್ಲ. ಬಾವಿಯೊಳಗೆ ಯಾರೋ ಹಾಡಿದ ಹಾಗೆ ಒಂದಿಷ್ಟು ಪ್ರತಿಧ್ವನಿ, ಅಷ್ಟೇ. ವಾಲ್ಯೂಮ್ ಏರಿಸಿದರೆ ಗಿಟಾರ್ ಜೋರಾಯಿತು, ದನಿ ಅಲ್ಲೇ ಇತ್ತು.

ವೈರ್ ಕೆಟ್ಟಿರಲಿಲ್ಲ. ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿತ್ತು. ಎಕ್ಸ್‌ಎಲ್‌ಆರ್‌ನಲ್ಲಿ ಮೂರು ಪಿನ್. 1 ಗ್ರೌಂಡ್, 2ರಲ್ಲಿ ಸಿಗ್ನಲ್, 3ರಲ್ಲಿ ಅದೇ ಸಿಗ್ನಲ್ ತಲೆಕೆಳಗಾಗಿ. ಮಿಕ್ಸರ್ 2ರಲ್ಲಿ ಬಂದದ್ದರಿಂದ 3ರಲ್ಲಿ ಬಂದದ್ದನ್ನು ಕಳೆಯುತ್ತದೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಒಂದೇ ಥರ ಇರುವುದರಿಂದ ಅದು ಹೊಡೆದುಹೋಗುತ್ತದೆ. ಇದಕ್ಕೇ ಬ್ಯಾಲೆನ್ಸ್ಡ್ ಸಂಪರ್ಕ ಎನ್ನುವುದು. ನನ್ನ ವೈರ್ ಮಾಡಿದ್ದು ಏನು ಅಂದರೆ, ಎಡಗಿವಿಯ ಸದ್ದನ್ನು 2ನೇ ಪಿನ್‌ಗೂ ಬಲಗಿವಿಯದ್ದನ್ನು 3ನೇ ಪಿನ್‌ಗೂ ಕೊಟ್ಟಿತ್ತು. ಹಾಡಿನ ದನಿ ಸಾಮಾನ್ಯವಾಗಿ ಎರಡೂ ಕಿವಿಗೆ ಸಮನಾಗಿರುತ್ತದೆ ಅಲ್ವಾ? ಗದ್ದಲದ ಜೊತೆ ಅದೂ ಹೊಡೆದುಹೋಯಿತು.

ಆವತ್ತು ಪಾರು ಮಾಡಿದ್ದು ಲ್ಯಾಪ್‌ಟಾಪ್‌ನ ಸೌಂಡ್ ಸೆಟ್ಟಿಂಗ್. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ಎಳೆದೆ. 3ನೇ ಪಿನ್ ಖಾಲಿಯಾಯಿತು, ಕಳೆಯಲು ಏನೂ ಉಳಿಯಲಿಲ್ಲ, ದನಿ ವಾಪಸ್ ಬಂತು. ಪಕ್ಕದಲ್ಲಿದ್ದವರು ‘ಮೊನೊ ಮಾಡಿ ನೋಡಿ’ ಎಂದಿದ್ದರು. ಅವರ ಮಾತು ಕೇಳಿ ಬರೀ ಮೊನೊ ಮಾಡಿದ್ದರೆ ಎಡ, ಬಲ ಪೂರ್ತಿ ಒಂದೇ ಆಗಿ ಗಿಟಾರ್ ಕೂಡ ಸುಮ್ಮನಾಗುತ್ತಿತ್ತು.

ಅಂದಿನಿಂದ ಅಡಾಪ್ಟರ್ ಕೈಗೆತ್ತಿಕೊಂಡಾಗೆಲ್ಲ ಪಿನ್ ಆಮೇಲೆ ನೋಡುತ್ತೇನೆ. ಈ ಕಡೆಯಿಂದ ಹೊರಡುತ್ತಿರುವುದು ಏನು, ಆ ಕಡೆ ಕಾಯುತ್ತಿರುವುದು ಏನು ಅಂತ ಮೊದಲು ಕೇಳಿಕೊಳ್ಳುತ್ತೇನೆ. ಸಾದಾ ಅಡಾಪ್ಟರ್‌ಗೆ ಆಕಾರ ಬದಲಿಸುವುದಷ್ಟೇ ಗೊತ್ತು. ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್. ಮನೆಯ ಪ್ಲೇಯರ್‌ಗಳ ಲೈನ್ ಮಟ್ಟ (ಒಂದು ಸಾಧನದಿಂದ ಇನ್ನೊಂದಕ್ಕೆ ಹೋಗುವ ಸಿಗ್ನಲ್) ಸುಮಾರು 0.3 ವೋಲ್ಟ್, ಸ್ಟುಡಿಯೊ ಸಾಮಾನಿನದ್ದು ಸುಮಾರು 1.2 ವೋಲ್ಟ್. ಸ್ಪೀಕರ್‌ಗೆ ಹೋಗುವ ಆಂಪ್ (ಆಂಪ್ಲಿಫೈಯರ್) ಔಟ್‌ಪುಟ್ ಹತ್ತಾರು ವೋಲ್ಟ್ ಮುಟ್ಟಬಹುದು. ಇವೆಲ್ಲವೂ ಒಂದೇ ಥರದ 6.35 ಮಿ.ಮೀ. ಪಿನ್‌ನಲ್ಲಿ ಬರಬಲ್ಲವು. ಪಿನ್ ನೋಡಿ ಒಳಗಿರುವುದನ್ನು ಹೇಳಲು ಆಗುವುದಿಲ್ಲ.

ಸುಲಭದ್ದು ಮೊದಲು: 3.5, 6.35, ಆರ್‌ಸಿಎ

ಹೆಡ್‌ಫೋನ್‌ನ ಸಣ್ಣ ಪಿನ್ ದೊಡ್ಡ ಸಾಕೆಟ್‌ಗೆ ಹೋಗಬೇಕು, ಅಷ್ಟೇ ಕೆಲಸ. 6.35 ಮಿ.ಮೀ. ಜ್ಯಾಕ್ 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಂದ ಬಂದದ್ದು. 3.5 ಅದರ ಚಿಕ್ಕ ರೂಪ. ಎರಡರಲ್ಲೂ ತುದಿ ಎಡ, ನಡುವಿನ ಉಂಗುರ ಬಲ, ಬುಡ ಗ್ರೌಂಡ್. ಅಳತೆ ಬಿಟ್ಟರೆ ಮತ್ತೇನೂ ಬದಲಾಗುವುದಿಲ್ಲ. ಹಾಗಾಗಿ ಇಲ್ಲಿ ಆಯ್ಕೆ ಇರುವುದು ಗಟ್ಟಿ ಅಡಾಪ್ಟರೋ, ಗೇಣುದ್ದ ವೈರ್ ಇರುವ ಅಡಾಪ್ಟರೋ ಅನ್ನುವುದರಲ್ಲಿ.

ದೊಡ್ಡ ಸಾಕೆಟ್‌ಗೆ ಸಣ್ಣ ಪಿನ್ ಕೂರಿಸುವುದಾದರೆ ಗಟ್ಟಿಯದ್ದೇ ಸಾಕು. 6.35 ಸಾಕೆಟ್ ದಪ್ಪ, ಭಾರ ತಾಳುತ್ತದೆ. ಹಿಂದುಮುಂದಾದರೆ ನಾನು ಗಟ್ಟಿಯದ್ದನ್ನು ಮುಟ್ಟುವುದಿಲ್ಲ. ಫೋನಿನ 3.5 ಸಾಕೆಟ್‌ನಲ್ಲಿ ಗಟ್ಟಿ ಅಡಾಪ್ಟರ್, ಅದರ ಹಿಂದೆ ಸ್ಟುಡಿಯೊ ಹೆಡ್‌ಫೋನಿನ ದಪ್ಪ ಪಿನ್. ಬೆರಳುದ್ದದ ಸಲಾಕೆ ಹೊರಗೆ ಚಾಚಿಕೊಂಡ ಹಾಗಾಯಿತು. ಯಾರದೋ ಮೊಣಕೈ ತಾಗಿದರೆ ಸಾಕು, ಒಳಗಿನ ಬೋರ್ಡಿನ ಬೆಸುಗೆ ಬಿಡುತ್ತದೆ. ಆಮೇಲೆ ಪಿನ್ ತಿರುಗಿಸಿದಾಗೆಲ್ಲ ಗರಗರ. ವೈರ್ ಇರುವ ಅಡಾಪ್ಟರ್ ಆದರೆ ಭಾರ ಮೇಜಿನ ಮೇಲೆ ಬೀಳುತ್ತದೆ, ಸಾಕೆಟ್ ಮೇಲೆ ಬೀಳುವುದಿಲ್ಲ. ಚಿನ್ನದ ಲೇಪ ಇದ್ದರೆ ಕಿಲುಬು ಹಿಡಿಯುವುದಿಲ್ಲ, ಒಳ್ಳೆಯದೇ. ಅದರಿಂದ ಸದ್ದು ಸಿಹಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

3.5ರಿಂದ ಎರಡು ಆರ್‌ಸಿಎಗೆ (ಆಂಪ್, ಟಿವಿಗಳ ಹಿಂದೆ ಇರುವ ಬಣ್ಣದ ದುಂಡು ಸಾಕೆಟ್) ಹೋಗುವ ವೈರ್ ಕೂಡ ತಂಟೆ ಇಲ್ಲದ್ದು. ಕೆಂಪು ಬಲ, ಬಿಳಿ ಅಥವಾ ಕಪ್ಪು ಎಡ. ಫೋನ್ ಅಥವಾ ಲ್ಯಾಪ್‌ಟಾಪ್‌ನ ಹೆಡ್‌ಫೋನ್ ಔಟ್‌ಪುಟ್‌ನಿಂದ ಆಂಪ್‌ನ ‘ಆಕ್ಸ್’ ಇನ್‌ಪುಟ್‌ಗೆ ಧಾರಾಳವಾಗಿ ಕೊಡಬಹುದು. ಫೋನಿನ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಉಳಿದದ್ದನ್ನು ಆಂಪ್‌ನಲ್ಲಿ ಏರಿಸಿ. ಫೋನನ್ನು ತೀರಾ ಕಮ್ಮಿ ಇಟ್ಟು ಆಂಪ್ ತಿರುಗಿಸಿದರೆ ಸೊಯ್ ಅನ್ನುವ ಸದ್ದೂ ಜೊತೆಗೇ ಏರುತ್ತದೆ.

ಆರ್‌ಸಿಎ ಕಂಡಕೂಡಲೇ ನಿರಾಳ ಆಗಬೇಡಿ. ಆಂಪ್‌ನ ಹಿಂದೆ ‘ಫೋನೊ’ ಎಂದು ಬರೆದ ಆರ್‌ಸಿಎ ಜೋಡಿ ಇದ್ದರೆ ಅದು ಗ್ರಾಮಫೋನ್ ತಟ್ಟೆಗಾಗಿ. ತಟ್ಟೆಯ ಸೂಜಿಯಿಂದ ಬರುವ ಕೆಲವೇ ಮಿಲಿವೋಲ್ಟನ್ನು ಅದು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ, ತಗ್ಗಿನ ಸ್ವರಗಳನ್ನು ಇನ್ನೂ ಜಾಸ್ತಿ ಎತ್ತುತ್ತದೆ. ಅಲ್ಲಿಗೆ ಫೋನ್ ಸಿಕ್ಕಿಸಿದರೆ ಒಡಕಲು ಗುಡುಗು ಕೇಳುತ್ತದೆ. ಉಲ್ಟಾ, ತಟ್ಟೆಯನ್ನು ‘ಆಕ್ಸ್’ಗೆ ಕೊಟ್ಟರೆ ಸೊಳ್ಳೆ ಹಾಡಿದ ಹಾಗೆ ತೆಳ್ಳಗೆ ಬರುತ್ತದೆ. ಎರಡಕ್ಕೂ ಅಡಾಪ್ಟರ್‌ನಲ್ಲಿ ಪರಿಹಾರ ಇಲ್ಲ. ಫೋನೊ ಪ್ರೀಆಂಪ್ (ಸಣ್ಣ ಸಿಗ್ನಲನ್ನು ಲೈನ್ ಮಟ್ಟಕ್ಕೆ ಏರಿಸುವ ಸಾಧನ) ಬೇಕು, ಇಲ್ಲವೇ ಸರಿಯಾದ ಸಾಕೆಟ್ ಹುಡುಕಬೇಕು.

ಒಂದೇ ಮುಖದ ಮೂರು ‘ವೈ’ಗಳು

ನನ್ನ ಡ್ರಾಯರ್‌ನಲ್ಲಿ ಜಾಸ್ತಿ ಗೊಂದಲ ಎಬ್ಬಿಸುವುದು ಇವೇ. ಒಂದು ಪಿನ್, ಎರಡು ಬಾಲ. ಹೊರಗಿನಿಂದ ಮೂರೂ ಅವಳಿ-ಜವಳಿ.

ಮೊದಲನೆಯದು ಇಬ್ಬರು ಕೂತು ಒಂದೇ ಫೋನ್ ಕೇಳಲಿಕ್ಕೆ. ಎರಡೂ ಬಾಲದಲ್ಲಿ ಎಡ, ಬಲ ಎರಡೂ ಇರುತ್ತವೆ. ಎರಡನೆಯದು ಎಡವನ್ನು ಒಂದು ಬಾಲಕ್ಕೆ, ಬಲವನ್ನು ಇನ್ನೊಂದಕ್ಕೆ ಬೇರ್ಪಡಿಸುತ್ತದೆ. ಮಿಕ್ಸರ್‌ನ ಎರಡು ಚಾನೆಲ್‌ಗೆ ಕೊಡಲು ಬೇಕಾದದ್ದು ಇದು. ಆವತ್ತು ನನ್ನ ಬಳಿ ಇರಬೇಕಾಗಿದ್ದೂ ಇದೇ, ಜೊತೆಗೆ ಮಿಕ್ಸರ್‌ನಲ್ಲಿ ಎರಡು ಲೈನ್ ಸಾಕೆಟ್. ಮೂರನೆಯದು ಫೋನಿನ ಒಂದೇ ಸಾಕೆಟನ್ನು ಮೈಕ್ ಮತ್ತು ಹೆಡ್‌ಫೋನ್ ಅಂತ ಒಡೆಯುತ್ತದೆ. ಅದರ ಪಿನ್‌ನಲ್ಲಿ ಎರಡರ ಬದಲು ಮೂರು ಕಪ್ಪು ಗೆರೆ ಇರುತ್ತವೆ. ಗೆರೆ ಎಣಿಸುವುದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ಒಂದು ಗೆರೆ ಇದ್ದರೆ ಮೊನೊ, ಎರಡಾದರೆ ಸ್ಟೀರಿಯೊ ಅಥವಾ ಬ್ಯಾಲೆನ್ಸ್ಡ್ ಮೊನೊ, ಮೂರಾದರೆ ಹೆಚ್ಚಾಗಿ ಸ್ಟೀರಿಯೊ ಜೊತೆ ಮೈಕ್.

ಈ ಮೂರು ಗೆರೆಯ ಪಿನ್‌ನಲ್ಲೇ ಇನ್ನೊಂದು ಜಗಳ ಇದೆ. ಮೈಕ್ ಎಲ್ಲಿ, ಗ್ರೌಂಡ್ ಎಲ್ಲಿ ಎಂಬುದಕ್ಕೆ ಎರಡು ಪದ್ಧತಿ. ಸಿಟಿಐಎ ಪದ್ಧತಿಯಲ್ಲಿ ಬುಡ ಮೈಕ್, ಅದರ ಮೇಲಿನ ಉಂಗುರ ಗ್ರೌಂಡ್. ಒಎಂಟಿಪಿಯಲ್ಲಿ ಇವೆರಡು ಅದಲುಬದಲು. ಈಗಿನ ಫೋನ್‌ಗಳು ಬಹುತೇಕ ಸಿಟಿಐಎ. ಹಳೆಯ ಇಯರ್‌ಫೋನ್ ಹೊಸ ಫೋನಿಗೆ ಚುಚ್ಚಿದಾಗ ಹಾಡಿನ ದನಿ ಮಾಯವಾಗಿ ಸಂಗೀತ ಮಾತ್ರ ಕೇಳಿದರೆ, ಇಯರ್‌ಫೋನಿನ ಮೈಕ್ ಬಟನ್ ಒತ್ತಿ ಹಿಡಿದು ನೋಡಿ. ಒತ್ತಿದಷ್ಟು ಹೊತ್ತು ದನಿ ಬಂದರೆ ಪದ್ಧತಿ ಬೇರೆ ಅಂತಲೇ ಅರ್ಥ. ಬಟನ್ ಮೈಕನ್ನೂ ಗ್ರೌಂಡನ್ನೂ ಒಟ್ಟು ಮಾಡುತ್ತದೆ, ಹಾಗಾಗಿ ಒಂದು ಕ್ಷಣ ಎಲ್ಲ ಸರಿಯಾಗುತ್ತದೆ. ಗ್ರೌಂಡ್ ತಪ್ಪಿದಾಗ ಇಲ್ಲಿಯೂ ಎಡದಲ್ಲಿ ಬಲ ಕಳೆದು ಉಳಿದದ್ದೇ ಕೇಳುವುದು. ನನ್ನ ಕಾರ್ಯಕ್ರಮದ ಕಥೆಯೇ, ಸಣ್ಣ ಪ್ರಮಾಣದಲ್ಲಿ. ಇದಕ್ಕೆ ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಬದಲಿಸುವ ಪುಟ್ಟ ಅಡಾಪ್ಟರ್ ಸಿಗುತ್ತದೆ.

ಕ್ಯಾಮೆರಾಗೆ ಮಾಡಿದ ಕಾಲರ್ ಮೈಕನ್ನು ಫೋನಿಗೆ ಹಾಕಿದರೆ ಕೇಳದಿರುವುದೂ ಗೆರೆಯ ಲೆಕ್ಕದಿಂದಲೇ. ಅದರ ಪಿನ್‌ನಲ್ಲಿ ಎರಡೇ ಗೆರೆ, ಫೋನ್ ಮೈಕ್ ಹುಡುಕುವ ಜಾಗದಲ್ಲಿ ಗ್ರೌಂಡ್ ಕೂತಿರುತ್ತದೆ. ಎರಡು ಗೆರೆಯಿಂದ ಮೂರು ಗೆರೆಗೆ ಬದಲಿಸುವ ಮೈಕ್ ಅಡಾಪ್ಟರ್ ಹಾಕಿದರೆ ಆಯಿತು.

ಇನ್ನೊಂದು ಮಾತು. ‘ವೈ’ ವೈರ್ ಹಂಚಲಿಕ್ಕೆ ಒಳ್ಳೆಯದು, ಸೇರಿಸಲಿಕ್ಕೆ ಅಲ್ಲ. ಒಂದು ಔಟ್‌ಪುಟನ್ನು ಎರಡು ಇನ್‌ಪುಟ್‌ಗೆ ಕೊಡಬಹುದು. ಎರಡು ಔಟ್‌ಪುಟ್‌ಗಳನ್ನು ಕಟ್ಟಿ ಒಂದೇ ಇನ್‌ಪುಟ್‌ಗೆ ಕೊಟ್ಟರೆ ಅವು ಒಂದನ್ನೊಂದು ನೂಕಾಡುತ್ತವೆ. ಸದ್ದು ಕುಗ್ಗುತ್ತದೆ, ಒಡೆಯುತ್ತದೆ, ಬಿಸಿಯೂ ಆಗಬಹುದು. ಸ್ಟೀರಿಯೊವನ್ನು ಮೊನೊ ಮಾಡಲೇಬೇಕಿದ್ದರೆ ಪ್ರತಿ ಬದಿಗೂ ಸುಮಾರು 1 ಕಿಲೋ ಓಮ್‌ನ ರೆಸಿಸ್ಟರ್ ಇರುವ ವೈರ್ ತೆಗೆದುಕೊಳ್ಳಿ. ಬೆಸುಗೆ ಹಾಕಲು ಬಂದರೆ ಅರ್ಧ ಗಂಟೆಯ ಕೆಲಸ, ಮನೆಯಲ್ಲೇ ಮಾಡಬಹುದು.

ಸಾಕೆಟ್ ಇಲ್ಲದ ಫೋನ್

2016ರಲ್ಲಿ ಐಫೋನ್ 7ರಿಂದ ಹೆಡ್‌ಫೋನ್ ಸಾಕೆಟ್ ಹೋಯಿತು. ಆಮೇಲೆ ಬೇರೆ ಕಂಪನಿಗಳೂ ಒಂದೊಂದಾಗಿ ತೆಗೆದವು. ಈಗ ಎಲ್ಲರ ಬ್ಯಾಗಿನಲ್ಲೂ ಯುಎಸ್‌ಬಿ-ಸಿಯಿಂದ 3.5ಕ್ಕೆ ಹೋಗುವ ಬಾಲ ಒಂದಿದೆ. ಅದರಲ್ಲಿ ಎರಡು ಜಾತಿ ಎಂಬುದು ಅದು ಕೆಲಸ ಮಾಡದ ದಿನವೇ ತಿಳಿಯುವುದು.

ಒಂದರೊಳಗೆ ಬರೀ ತಂತಿ. ಫೋನೇ ಅನಲಾಗ್ ಸದ್ದನ್ನು ಯುಎಸ್‌ಬಿ-ಸಿ ಪಿನ್‌ಗಳ ಮೇಲೆ ಹೊರಗೆ ಬಿಡಬೇಕು. ಕೆಲವು ಫೋನ್ ಬಿಡುತ್ತವೆ, ಹಲವು ಬಿಡುವುದಿಲ್ಲ. ಇನ್ನೊಂದರೊಳಗೆ ಡ್ಯಾಕ್, ಅಂದರೆ ಡಿಜಿಟಲ್ ಅಂಕಿಗಳನ್ನು ಸದ್ದಾಗಿ ಬದಲಿಸುವ ಚಿಪ್ ಇರುತ್ತದೆ. ಅದು ನಿಜಕ್ಕೂ ಒಂದು ಪುಟಾಣಿ ಸೌಂಡ್ ಕಾರ್ಡ್. ಐಫೋನಿನ ಹಳೆಯ ಲೈಟ್ನಿಂಗ್ ಬಾಲದೊಳಗೂ ಹಾಗೇ ಚಿಪ್ ಇತ್ತು.

ಆರಿಸುವುದಾದರೆ ಡ್ಯಾಕ್ ಇರುವುದನ್ನೇ ತೆಗೆದುಕೊಳ್ಳಿ, ಎರಡನೇ ಯೋಚನೆ ಬೇಡ. ಒಳಗೆ ತಂತಿ ಮಾತ್ರ ಇರುವುದು ನಿಮ್ಮ ಇಂದಿನ ಫೋನಿಗೆ ಹೊಂದಿದರೂ ನಾಳಿನ ಫೋನಿಗೆ ಹೊಂದುವ ಭರವಸೆ ಇಲ್ಲ. ಕೈಯಲ್ಲಿರುವುದು ಯಾವ ಜಾತಿ ಅಂತ ನೋಡಲು ಲ್ಯಾಪ್‌ಟಾಪ್‌ನ ಯುಎಸ್‌ಬಿ-ಸಿಗೆ ಚುಚ್ಚಿ. ಸೌಂಡ್ ಸೆಟ್ಟಿಂಗ್‌ನಲ್ಲಿ ಹೊಸ ಸಾಧನ ಕಾಣಿಸಿಕೊಂಡರೆ ಒಳಗೆ ಚಿಪ್ ಇದೆ. ಡ್ಯಾಕ್ ಬಾಲ ಸಿಕ್ಕಿಸಿದ ಮೇಲೆ ಫೋನಿನ ಬ್ಯಾಟರಿ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ಅದಕ್ಕೆ ಗಾಬರಿ ಬೇಡ.

ಎಕ್ಸ್‌ಎಲ್‌ಆರ್ ಕಡೆಗೆ ಹೋಗುವಾಗ

ಇಲ್ಲಿ ಸಾದಾ ಅಡಾಪ್ಟರ್, ಡಿಐ ಬಾಕ್ಸ್ (ವಾದ್ಯಕ್ಕೂ ಮಿಕ್ಸರ್‌ಗೂ ನಡುವೆ ಕೂರುವ ಪುಟ್ಟ ಪೆಟ್ಟಿಗೆ), ಐಸೊಲೇಟರ್ (ಎರಡು ಸಾಧನಗಳ ಗ್ರೌಂಡ್ ಬೇರ್ಪಡಿಸುವ ಪೆಟ್ಟಿಗೆ) ಅಂತ ಮೂರು ದಾರಿ. ಬೆಲೆ, ಭಾರ ಎರಡೂ ಒಂದಕ್ಕಿಂತ ಒಂದು ಬೇರೆ. ಸಾದಾ ಅಡಾಪ್ಟರ್ ಸಾಕಾಗುವ ಸಂದರ್ಭ ಕಮ್ಮಿ: ಬ್ಯಾಲೆನ್ಸ್ಡ್ 6.35 ಔಟ್‌ಪುಟ್‌ನಿಂದ ಎಕ್ಸ್‌ಎಲ್‌ಆರ್ ಲೈನ್ ಇನ್‌ಪುಟ್‌ಗೆ. ಮೂರು ತಂತಿ ಮೂರು ಪಿನ್‌ಗೆ ನೇರ ಹೋಗುತ್ತವೆ.

ಗಿಟಾರ್ ಇದ್ದರೆ ಡಿಐ ಬಾಕ್ಸ್ ಬೇಕೇ ಬೇಕು. ಬ್ಯಾಟರಿ ಇಲ್ಲದ ಗಿಟಾರ್ ಪಿಕಪ್‌ಗೆ (ತಂತಿಯ ಕಂಪನವನ್ನು ಸಿಗ್ನಲ್ ಮಾಡುವ ಭಾಗ) ಎದುರು ಬದಿಯಲ್ಲಿ 1 ಮೆಗಾ ಓಮ್‌ನಷ್ಟು ದೊಡ್ಡ ಇನ್‌ಪುಟ್ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಒಡ್ಡುವ ತಡೆ, ಬೇಕು. ಮೈಕ್ ಇನ್‌ಪುಟ್‌ನಲ್ಲಿ ಅದು ಕೆಲವೇ ಸಾವಿರ ಓಮ್. ಬರೀ ಪಿನ್ ಬದಲಿಸಿ ಸಿಕ್ಕಿಸಿದರೆ ಸದ್ದು ಬರುತ್ತದೆ, ಆದರೆ ಹೊದಿಕೆ ಮುಚ್ಚಿ ನುಡಿಸಿದ ಹಾಗೆ ಮಂಕು. ಈಕ್ವಲೈಜರ್ ತಿರುಗಿಸಿ ಅದನ್ನು ಸರಿಮಾಡಲು ಆಗುವುದಿಲ್ಲ, ನಾನು ತಿರುಗಿಸಿ ಸೋತಿದ್ದೇನೆ. ಡಿಐ ಬಾಕ್ಸ್ ಇಂಪೀಡೆನ್ಸನ್ನೂ ಹೊಂದಿಸುತ್ತದೆ, ಸಿಗ್ನಲನ್ನು ಬ್ಯಾಲೆನ್ಸ್ಡ್ ಕೂಡ ಮಾಡುತ್ತದೆ. ಮೂವತ್ತು ಮೀಟರ್ ವೈರ್ ಎಳೆದರೂ ಗದ್ದಲ ಸೇರುವುದಿಲ್ಲ.

ಕಾಂಬೊ ಸಾಕೆಟ್ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನಡುವೆ 6.35 ತೂತು, ಸುತ್ತ ಎಕ್ಸ್‌ಎಲ್‌ಆರ್‌ನ ಮೂರು ತೂತು. ಎರಡೂ ಒಂದೇ ಕಡೆ ಹೋಗುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ಹೆಚ್ಚಿನ ಆಡಿಯೊ ಇಂಟರ್‌ಫೇಸ್‌ಗಳಲ್ಲಿ (ಮೈಕ್, ವಾದ್ಯಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಎಕ್ಸ್‌ಎಲ್‌ಆರ್ ಮೈಕ್ ಪ್ರೀಆಂಪ್‌ಗೆ, ನಡುವಿನದ್ದು ಲೈನ್ ಅಥವಾ ಗಿಟಾರ್‌ಗೆ. ಕೀಬೋರ್ಡಿನ 6.35 ಪಿನ್‌ಗೆ ಎಕ್ಸ್‌ಎಲ್‌ಆರ್ ಅಡಾಪ್ಟರ್ ಸಿಕ್ಕಿಸಿ ‘ದೊಡ್ಡ’ ಸಾಕೆಟ್‌ಗೆ ಹಾಕಿದರೆ ಲೈನ್ ಸಿಗ್ನಲ್ ಮೈಕ್ ಪ್ರೀಆಂಪ್ ಮೇಲೆ ಹೋಗಿ ಬೀಳುತ್ತದೆ. ಅಡಾಪ್ಟರ್ ಬಿಚ್ಚಿ ನಡುವಿನ ತೂತಿಗೇ ಚುಚ್ಚಿದರೆ ಎಲ್ಲ ಸರಿ. ಎಷ್ಟೋ ಸಲ ಉತ್ತಮ ಅಡಾಪ್ಟರ್ ಅಂದರೆ ಅಡಾಪ್ಟರ್ ಇಲ್ಲದಿರುವುದೇ.

ಮಿಕ್ಸರ್‌ನಲ್ಲಿ ಫ್ಯಾಂಟಮ್ ಪವರ್ ಆನ್ ಇದೆಯೇ ಅಂತ ನೋಡದೆ ಲ್ಯಾಪ್‌ಟಾಪನ್ನೋ ಫೋನನ್ನೋ ಎಕ್ಸ್‌ಎಲ್‌ಆರ್‌ಗೆ ಸಿಕ್ಕಿಸಬೇಡಿ. ಅದು ಆನ್ ಇದ್ದರೆ, ಕೆಲಸ ಮಾಡಲು ಕರೆಂಟ್ ಬೇಡುವ ಕಂಡೆನ್ಸರ್ ಮೈಕ್‌ಗಾಗಿ 2 ಮತ್ತು 3ನೇ ಪಿನ್‌ಗಳ ಮೇಲೆ 48 ವೋಲ್ಟ್ ಕೂತಿರುತ್ತದೆ. ಸಾದಾ ಅಡಾಪ್ಟರ್ ಅದನ್ನು ತಡೆಯುವುದಿಲ್ಲ, ನೇರ ಫೋನಿನ ಔಟ್‌ಪುಟ್‌ಗೆ ತಲುಪಿಸುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಆದರೆ ತಡೆಯುತ್ತದೆ.

ಅದೇ ಕಂಡೆನ್ಸರ್ ಮೈಕನ್ನು ಎಕ್ಸ್‌ಎಲ್‌ಆರ್‌ನಿಂದ 3.5ಕ್ಕೆ ಬದಲಿಸುವ ವೈರ್ ಹಾಕಿ ಫೋನಿಗೆ ಕೊಟ್ಟರೆ ಉಲ್ಟಾ ತೊಂದರೆ. ಫೋನ್ ಕೊಡುವುದು ಎರಡು-ಮೂರು ವೋಲ್ಟ್, ಮೈಕ್ ಕೇಳುವುದು 48. ಪಿನ್ ಚೆನ್ನಾಗಿ ಕೂರುತ್ತದೆ, ಮೈಕ್ ಉಸಿರೆತ್ತುವುದಿಲ್ಲ. ಯುಎಸ್‌ಬಿ ಆಡಿಯೊ ಇಂಟರ್‌ಫೇಸೇ ಇದಕ್ಕೆ ದಾರಿ.

ಇನ್ನು ಗುಂಯ್‌ಗುಡುವ ಸದ್ದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತರೆ ನಿಂತು, ಸಿಕ್ಕಿಸಿದರೆ ಶುರುವಾದರೆ ಅದು ಗ್ರೌಂಡ್ ಲೂಪ್ ಆಗಿರುವ ಸಾಧ್ಯತೆ ಜಾಸ್ತಿ. ಎರಡು ಸಾಧನಗಳ ಗ್ರೌಂಡ್ ಎರಡು ದಾರಿಯಲ್ಲಿ ಕೂಡಿ, ಅದರಲ್ಲಿ ಕರೆಂಟ್ ಸುತ್ತುತ್ತದೆ. ನಡುವೆ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿ. ಪ್ಲಗ್‌ನ ಅರ್ತ್ ಪಿನ್ ಕತ್ತರಿಸಿದರೂ ಸದ್ದು ನಿಲ್ಲುತ್ತದೆ ಅಂತ ಹೇಳುವವರಿದ್ದಾರೆ. ನಿಲ್ಲುತ್ತದೆ, ನಿಜ. ಮುಂದೆ ಒಳಗೇನಾದರೂ ಕೆಟ್ಟ ದಿನ ಶಾಕ್ ಹೊಡೆಯುವುದು ಮೈಕ್ ಹಿಡಿದವರಿಗೆ. ಅದನ್ನು ಮಾಡಲೇಬೇಡಿ.

ಡಿಜಿಟಲ್, ಅನಲಾಗ್ ನಡುವೆ

ಟಿವಿಯ ಹಿಂದಿನ ಚೌಕದ ತೂತಿನಲ್ಲಿ ಕೆಂಪು ಬೆಳಕು ಕಂಡರೆ ಅದು ಆಪ್ಟಿಕಲ್. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್. ಹಳೆಯ ಆಂಪ್‌ನ ಆರ್‌ಸಿಎಗೆ ಅದನ್ನು ಕೊಡಲು ಕರೆಂಟ್ ಬೇಡುವ ಡ್ಯಾಕ್ ಪೆಟ್ಟಿಗೆ ಬೇಕು, ಬರೀ ವೈರ್‌ನಿಂದ ಆಗದು. ಕೊಳ್ಳುವಾಗ ದಿಕ್ಕು ನೋಡಿ. ಡಿಜಿಟಲ್‌ನಿಂದ ಅನಲಾಗ್‌ಗೆ ಹೋಗುವ ಪೆಟ್ಟಿಗೆಯೂ ಅನಲಾಗ್‌ನಿಂದ ಡಿಜಿಟಲ್‌ಗೆ ಹೋಗುವ ಪೆಟ್ಟಿಗೆಯೂ ಪಕ್ಕಪಕ್ಕ ಇಟ್ಟರೆ ಗುರುತು ಸಿಗುವುದಿಲ್ಲ. ಎಲ್ಲ ಜೋಡಿಸಿದರೂ ಸದ್ದೇ ಇಲ್ಲ ಅಂದರೆ ಟಿವಿಯ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟನ್ನು ‘ಪಿಸಿಎಂ’ ಮಾಡಿ. ಪಿಸಿಎಂ ಅಂದರೆ ಕುಗ್ಗಿಸದ ಸಾದಾ ಡಿಜಿಟಲ್ ಸದ್ದು. ಅಗ್ಗದ ಡ್ಯಾಕ್‌ಗೆ ಡಾಲ್ಬಿಯಂಥ ಕುಗ್ಗಿಸಿದ ರೂಪ ಅರ್ಥವಾಗುವುದಿಲ್ಲ.

ಕಿತ್ತಳೆ ಬಣ್ಣದ ಒಂಟಿ ಆರ್‌ಸಿಎ ಕಂಡರೆ ಅದೂ ಡಿಜಿಟಲ್ಲೇ. ಅನಲಾಗ್ ಆರ್‌ಸಿಎಗೆ ಅದು ಸಲೀಸಾಗಿ ಕೂರುತ್ತದೆ, ಹಾಡು ಮಾತ್ರ ಬರುವುದಿಲ್ಲ.

4.4 ಮಿ.ಮೀ. ಇದ್ದವರಿಗೆ

ದುಬಾರಿ ಹೆಡ್‌ಫೋನ್ ಆಂಪ್‌ಗಳಲ್ಲಿ 4.4 ಮಿ.ಮೀ. ಬ್ಯಾಲೆನ್ಸ್ಡ್ ಸಾಕೆಟ್ ಇರುತ್ತದೆ. 4.4 ಪಿನ್‌ನ ಹೆಡ್‌ಫೋನನ್ನು ಅಡಾಪ್ಟರ್ ಹಾಕಿ 3.5 ಸಾಕೆಟ್‌ನಲ್ಲಿ ಕೇಳಿದರೆ ತೊಂದರೆ ಇಲ್ಲ. ತಿರುಗಾಮುರುಗಾ ಮಾಡಬೇಡಿ. ಬ್ಯಾಲೆನ್ಸ್ಡ್ ಆಂಪ್‌ನಲ್ಲಿ ಎಡದ ಮತ್ತು ಬಲದ ಮೈನಸ್ ತಂತಿಗಳಲ್ಲೂ ಆಂಪ್ ದುಡಿಯುತ್ತಿರುತ್ತದೆ. 3.5 ಹೆಡ್‌ಫೋನ್‌ನಲ್ಲಿ ಅವೆರಡೂ ಒಂದೇ ಗ್ರೌಂಡ್. ಅಡಾಪ್ಟರ್ ಅವುಗಳನ್ನು ಶಾರ್ಟ್ ಮಾಡಿದರೆ ಆಂಪ್ ಸುಡಬಹುದು. ಸ್ಪೀಕರ್ ಔಟ್‌ಪುಟನ್ನು ಲೈನ್ ಇನ್‌ಪುಟ್‌ಗೆ ಕೊಡುವ ಅಡಾಪ್ಟರ್‌ಗೂ ಇದೇ ಮಾತು. ಅಲ್ಲಿ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕು.

ಗುರುತು ಸಿಗದ ಅಡಾಪ್ಟರ್ ಕೈಗೆ ಬಂದರೆ

ಮಲ್ಟಿಮೀಟರನ್ನು ಬೀಪ್‌ಗೆ ಇಡಿ. ಒಂದು ಕಡ್ಡಿ ಪಿನ್‌ನ ತುದಿಗೆ, ಇನ್ನೊಂದು ಎದುರು ಬದಿಯ ಪ್ರತಿ ಸಂಪರ್ಕಕ್ಕೆ. ಎಲ್ಲೆಲ್ಲಿ ಬೀಪ್ ಬರುತ್ತದೆ ಬರೆದುಕೊಳ್ಳಿ. ನಡುವಿನ ಉಂಗುರಕ್ಕೂ ಬುಡಕ್ಕೂ ಹಾಗೇ ಮಾಡಿ. ಒಂದೇ ಪಿನ್‌ನ ತುದಿಯಿಂದ ಉಂಗುರಕ್ಕೆ ಬೀಪ್ ಬಂದರೆ ಅದು ಎಡ-ಬಲ ನೇರ ಕಟ್ಟಿದ ಮೊನೊ ವೈರ್, ಸ್ಟೀರಿಯೊ ಔಟ್‌ಪುಟ್‌ನಿಂದ ದೂರ ಇಡಿ. ಚಿಪ್ ಇರುವ ಅಡಾಪ್ಟರ್‌ಗಳಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ.

ನನ್ನ ಡ್ರಾಯರ್‌ನ ಎಲ್ಲ ವೈರ್‌ಗಳಿಗೂ ಹೀಗೆ ಪರೀಕ್ಷೆ ಮಾಡಿ ಟೇಪ್ ಅಂಟಿಸಿ ಬರೆದಿದ್ದೇನೆ. ಆವತ್ತಿನ ವೈರ್ ಇನ್ನೂ ಇದೆ. ಅದರ ಟೇಪ್ ಮೇಲೆ ‘ಎಡ 2, ಬಲ 3, ಲ್ಯಾಪ್‌ಟಾಪ್‌ಗೆ ಬೇಡ’ ಅಂತಿದೆ.